ಟೈರಿಗೆ ಹತ್ತದ ಸುಣ್ಣ

ನಾಲ್ಕು ಮಾತು ಬರೆದುಕೊಡಿ ಎಂದು ಮೂವರು ಮನೆಗೆ ಬಂದಿದ್ದರು. ಗಾಡಿ ಓಡಿಸುವವರೆಲ್ಲ ಸೇರಿ, ಹೋದ ತಿಂಗಳು ತೀರಿಕೊಂಡ ಟೈರಂಗಡಿಯ ಹಿರಿಯರ ನೆನಪಿಗೆ ಒಂದು ಪುಸ್ತಿಕೆ ತರುತ್ತಾರಂತೆ. ಮುಖಪುಟ ಆಗಲೇ ಸಿದ್ಧವಾಗಿತ್ತು, ಮೊಬೈಲಿನಲ್ಲಿ ತೋರಿಸಿದರು. ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ, ಮುಂದೆ ಅವರ ಮುಖ, ಕೆಳಗೆ ಬಂಗಾರದ ಬಣ್ಣದಲ್ಲಿ ‘ಟೈರ್ ತಜ್ಞ’ ಎಂದು ಬರೆದಿದೆ. ಬಂದ ಮೂವರಲ್ಲಿ ಇಬ್ಬರು ಮೂರು ವರ್ಷದ ಹಿಂದೆ, ಆ ಮುದುಕನ ಅಂಗಡಿಗೆ ಯಾರೂ ಹೋಗಬೇಡಿ ಎಂದು ಇದೇ ಮೊಬೈಲಿನಿಂದ ಐದು ತಾಲ್ಲೂಕಿಗೆ ಸುದ್ದಿ ಹಬ್ಬಿಸಿದವರು. ಚಹಾ ಕುಡಿದು ಎದ್ದು ಹೋಗುವಾಗ ಅವರಲ್ಲೊಬ್ಬ ಚಪ್ಪಲಿ ಮೆಟ್ಟುತ್ತ ಹೇಳಿದ:

“ಆ ಒಂದು ತಪ್ಪಿನ ವಿಚಾರ ಬಿಟ್ಟು ಬರೀರಿ ಅಣ್ಣಾರ. ಸತ್ತಾವ್ರ ಮ್ಯಾಲೆ ಯಾಕ?”

ಮೈಯೆಲ್ಲ ಉರಿದುಹೋಯಿತು. ಎಷ್ಟು ದೊಡ್ಡ ಮನಸ್ಸು ನೋಡಿ! ಅಂಗಡಿ ಮುಚ್ಚಿಸಿದವರು ಈಗ ಕ್ಷಮಿಸಲು ಬಂದಿದ್ದಾರೆ. ಆದರೆ ಆ ಹೊತ್ತಿನಲ್ಲಿ ಅವನ ಕೊರಳಪಟ್ಟಿ ಹಿಡಿಯುವ ಯೋಗ್ಯತೆ ನನಗೂ ಇರಲಿಲ್ಲ. ಆ ತಪ್ಪು ಸತ್ತವರದಲ್ಲ. ಯಾರದು ಎಂಬುದು ನನಗೆ ಗೊತ್ತಿದೆ, ಮೂರು ವರ್ಷದಿಂದ ಗೊತ್ತಿದೆ. ಅದನ್ನೇ ಬರೆಯಲು ಕೂತಿದ್ದೇನೆ. ಅವರ ಪುಸ್ತಿಕೆಗೆ ಬೇಡವಾದರೆ ಬೇಡ.

ನಾನು ಹೂವಿನಹಡಗಲಿಯವನು. ಹೊಲಗಳಿಂದ ಮಲ್ಲಿಗೆ ಮೊಗ್ಗನ್ನು ಎತ್ತಿಕೊಂಡು ಹರಪನಹಳ್ಳಿಗೆ, ಅಲ್ಲಿಂದ ದಾವಣಗೆರೆ ಮಾರುಕಟ್ಟೆಗೆ ಮುಟ್ಟಿಸುವ ಪಿಕಪ್ ನನ್ನದು. ನಡುನಡುವೆ ವಾರಪತ್ರಿಕೆಗೆ ಏನಾದರೂ ಗೀಚುತ್ತೇನೆ, ಅದಕ್ಕೇ ಆ ಮೂವರು ನನ್ನನ್ನು ಹುಡುಕಿಕೊಂಡು ಬಂದದ್ದು. ತೀರಿಕೊಂಡವರ ಅಂಗಡಿ ಇದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ಕೂಡ್ಲಿಗಿಗೆ ಹೋಗುವ ರಸ್ತೆಯ ಮೇಲೆ. ತಗಡಿನ ಶೆಡ್ಡು. ಬೋರ್ಡಿನ ಮೇಲೆ ‘ಟೈರ್’ ಎಂಬ ಒಂದೇ ಪದ. ಅದರ ಕೆಳಗೆ ಸೀಮೆಸುಣ್ಣದಲ್ಲಿ ಅವರದೇ ಕೈಬರಹ: ‘ಲೋಡ್ ಹೇರ್ಕೊಂಡು ಬರ್ರಿ.’ ಮಳೆ ಬಂದಾಗಲೆಲ್ಲ ಅಳಿಸುತ್ತಿತ್ತು, ಮಾರನೇ ದಿನ ಮತ್ತೆ ಬರೆಯುತ್ತಿದ್ದರು. ಪೇಂಟಿನಲ್ಲಿ ಬರೆಸಿಬಿಡಿ ಎಂದು ನಾನೊಮ್ಮೆ ಹೇಳಿದ್ದಕ್ಕೆ, “ದಿನಾ ಬರದ್ರ ನನಗರ ನೆಪ್ಪಿರ್ತೈತಿ” ಅಂದಿದ್ದರು.

ಕುಳ್ಳಗಿನ ಮನುಷ್ಯ. ಹಣೆಗೆ ವಿಭೂತಿ, ಎತ್ತಿ ಕಟ್ಟಿದ ಪಂಚೆ, ಬಾಯಲ್ಲಿ ಎಲೆ-ಅಡಿಕೆ. ಕೈಕೆಳಗೆ ಯಾರೂ ಇರಲಿಲ್ಲ. ಜ್ಯಾಕು ಹಾಕುವುದು, ಗಾಲಿ ಬಿಚ್ಚುವುದು, ಟೈರು ಕಳಚುವುದು ಎಲ್ಲ ತಾವೇ. ಮಾತು ಶುರುವಾಗುತ್ತಿದ್ದುದೇ ಬೈಗುಳದಿಂದ. ಮೊದಲ ಸಲ ಹೋದವರು ಇವರಿಗೂ ನಮಗೂ ಏನೋ ಹಳೇ ಜಗಳ ಇರಬೇಕು ಎಂದುಕೊಳ್ಳುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕೋ ಏನೋ, ನಮಗಿಬ್ಬರಿಗೂ ಬಹಳ ಬೇಗ ಹೊಂದಿಕೊಂಡಿತು. ನಾನು ಅವರನ್ನು ‘ಯಜಮಾನ್ರೇ’ ಅನ್ನುತ್ತಿದ್ದೆ, ಅವರು ನನ್ನನ್ನು ‘ತಮ್ಮಾ’ ಅನ್ನುತ್ತಿದ್ದರು, ರೇಗಿದಾಗ ‘ಲೇ ಹೂವಿನಾವ್ನ’.

ಒಮ್ಮೆ ಕೂಡ್ಲಿಗಿ ಕಡೆಯಿಂದ ಒಬ್ಬರು ಹೊಸ ದೊಡ್ಡ ಪಿಕಪ್ ತಂದರು. ನಾಲ್ಕು ಬಾಗಿಲು, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ. ಎಂಥ ನೆಲದಲ್ಲೂ ಓಡುವ ದೊಡ್ಡ ಹಲ್ಲಿನ ಆಲ್ ಟೆರೇನ್ ಟೈರು ಬೇಕು, ಅದೂ ಎಲ್ಲಕ್ಕಿಂತ ದೊಡ್ಡ ಸೈಜು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನಂಬರೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಯಜಮಾನರು ಪೂರ್ತಿ ಕೇಳಿಸಿಕೊಂಡರು.

“ಏನ್ ಕಸುಬು ನಿಮ್ದು?”

“ಸೈಟ್ ವ್ಯವಹಾರ.”

“ಹೊಲದಾಗ ಇಳಸ್ತೀರೇನು ಗಾಡೀನ?”

“ಹೊಲಕ್ಕ ಯಾಕ್ರಿ? ಲುಕ್ಕಿಗೆ.”

“ಲುಕ್ಕಿಗಾದ್ರ ಮನೀಗ ಒಯ್ದು ಗ್ವಾಡಿಗೆ ತೂಗುಹಾಕ್ರಿ. ಗಾಲೀಗ್ಯಾಕ ಹಾಕ್ತೀರಿ?”

ಆ ಮನುಷ್ಯ ಕೆಂಪಗಾಗಿ ಹೊರಟುಹೋದರು. ಅವತ್ತು ಬೆಳಗಿನಿಂದ ಬಂದ ಗಿರಾಕಿ ಅವರೊಬ್ಬರೇ. ಯಜಮಾನರ ಹೆಂಡತಿ ಒಳಗಿನಿಂದ, “ಹಿಂಗ ಓಡ್ಸಿದ್ರ ಅಂಗಡ್ಯಾಗ ನಾನು ನೀವು ಇಬ್ರ ಕುಂದರ್ಬೇಕು” ಎಂದು ಕೂಗಿದರು. ಇವರು ನಗಲಿಲ್ಲ. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಗೋಡೆಗೆ ಒರಗಿಸಿದ್ದ ಒಂದು ಟೈರಿನ ಮುಂದೆ ಕೂರಿಸಿದರು.

“ಓದು.”

ಓದಿದೆ. ಇನ್ನೂರ ಮೂವತ್ತೈದು, ಎಪ್ಪತ್ತೈದು, ಹದಿನೈದು.

“ಮೊದ್ಲಿಂದು ಅಗಲ. ನಡುವಿಂದು ಆ ಅಗಲದಾಗ ನೂರಕ್ಕ ಎಷ್ಟು ಎತ್ತರ ಅಂಬೋದು. ಕಡೀದು ರಿಮ್ಮು. ಈ ಮೂರು ಎಲ್ಲಾರೂ ಓದ್ತಾರ. ಅದರ ಮುಂದ ಸಣ್ಣಗ ಇನ್ನೊಂದು ನಂಬರ್ ಐತಿ, ಕಾಣ್ತೈತೇನು? ಅದು ಈ ಟೈರು ಎಷ್ಟು ಭಾರ ಹೊರ್ತೈತಿ ಅಂತ. ಅದನ್ನ ಯಾವ ಮಗನೂ ಓದಂಗಿಲ್ಲ! ಜೀಪಿಗಂತ ಮಾಡಿದ ಟೈರು ನೋಡಾಕ ಪೈಲ್ವಾನ್ ಇದ್ದಂಗ ಇರ್ತಾವ. ಎರಡು ಟನ್ ಹೇರು, ಆಗ ಗೊತ್ತಾಕೈತಿ ಅದರ ಪೈಲ್ವಾನ್ಕಿ.”

ಅವರ ಪರೀಕ್ಷೆ ಒಂದಿತ್ತು. ಅದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ, ಬೇರೆ ಯಾವ ಅಂಗಡಿಯಲ್ಲೂ ನಾನು ಅದನ್ನು ಕಂಡಿಲ್ಲ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಸೈಜು ಬೇಕು ಎಂದು ಬಂದವರು ಗಾಡಿಯಲ್ಲಿ ತಾವು ಎಂದಾದರೂ ಹೇರಬಹುದಾದ ಅತಿ ಹೆಚ್ಚಿನ ಭಾರವನ್ನು ಹೇರಿಕೊಂಡೇ ಬರಬೇಕು. ಇವರು ಟೈರು ಕಟ್ಟಿ, ಎಲೆಗೆ ಹಚ್ಚುವ ಸುಣ್ಣದ ಡಬ್ಬಿ ತೆಗೆದು, ಮಡ್‌ಗಾರ್ಡಿನ ಒಳಮೈಗೆ, ಅಲ್ಲಿನ ಬೋಲ್ಟುಗಳ ತಲೆಗೆ, ಮುಂದಿನ ಗಾಲಿಯ ಪಕ್ಕದ ಚಾಸಿಗೆ ಹೆಬ್ಬೆರಳಿನಿಂದ ಸುಣ್ಣ ಬಳಿಯುತ್ತಿದ್ದರು. ಅಂಗಡಿ ಮುಂದೆ ಒಂದು ಬಂಡೆ ಇತ್ತು. ಅದರ ಮೇಲೆ ಒಂದು ಹಿಂಗಾಲಿ ಹತ್ತಿಸಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಆಮೇಲೆ ರಸ್ತೆಯ ಎರಡು ಹಂಪು ದಾಟಿಸಿಕೊಂಡು ಬಾ ಎಂದು ಕಳಿಸುತ್ತಿದ್ದರು. ವಾಪಸು ಬಂದಾಗ ಟೈರಿನ ಮೇಲೆ ಎಲ್ಲಾದರೂ ಬಿಳಿ ಗೆರೆ ಕಂಡರೆ, ಅಂದರೆ ಟೈರು ಎಲ್ಲೋ ತಿಕ್ಕಿದ್ದರೆ, ಮುಗಿಯಿತು.

“ಸುಣ್ಣ ಬಂತು. ಈ ಸೈಜ್ ಬ್ಯಾಡ.”

ಅದಾದ ಮೇಲೆ ದೇವರು ಬಂದು ಹೇಳಿದರೂ ಕೇಳುತ್ತಿರಲಿಲ್ಲ. ಕಟ್ಟಿದ ನಾಲ್ಕೂ ಟೈರನ್ನು ತಾವೇ ಬೆವರು ಸುರಿಸಿ ಬಿಚ್ಚುತ್ತಿದ್ದರು. ಬಿಚ್ಚುತ್ತಲೇ ಗಾಡಿಯವನ ವಂಶವನ್ನೆಲ್ಲ ಬೈಯುತ್ತಿದ್ದರು. ಯಾರಾದರೂ ಬರೀ ಗಾಡಿ ತಂದರೆ ಹತ್ತಿರವೂ ಸೇರಿಸುತ್ತಿರಲಿಲ್ಲ. “ಖಾಲಿ ಗಾಡಿ ಸುಳ್ಳು ಹೇಳ್ತೈತಿ. ಹೇರ್ಕೊಂಡು ಬಾ” ಅನ್ನುವುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು.

ಬರೀ ಬೈಗುಳದ ಮನುಷ್ಯ ಎಂದು ಯಾರೂ ತಿಳಿಯಬಾರದು. ಒಂದು ಮಳೆಗಾಲ ಹೊಳಲು ಕಡೆಯ ಎರೆ ಹೊಲಗಳಲ್ಲಿ ನನ್ನ ಗಾಡಿ ದಿನ ಬಿಟ್ಟು ದಿನ ಹೂತುಕೊಳ್ಳುತ್ತಿತ್ತು. ಮೊಗ್ಗು ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ದಾರಿಯಲ್ಲೇ ಅರಳುತ್ತದೆ, ಅರಳಿದ ಹೂವನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಅವರ ಹತ್ತಿರ ಹೋಗಿ ಗೋಳು ಹೇಳಿಕೊಂಡೆ. ಮೂರನೇ ದಿನ ನೋಡಿದರೆ ಯಾರಿಗೂ ಹೇಳದೆ ಬಸ್ಸು ಹತ್ತಿ ಹೊಲಕ್ಕೇ ಬಂದಿದ್ದರು. ಕೈಯಲ್ಲಿ ಚೀಲ, ಚೀಲದಲ್ಲಿ ಹಳೇ ಟೈರುಗಳಿಂದ ಕೊಯ್ದ ಮೂರು ತುಂಡು. ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಎರೆ ಮಣ್ಣನ್ನು ರೊಟ್ಟಿ ಹಿಟ್ಟಿನಂತೆ ನಾದಿ, ಒಂದೊಂದು ತುಂಡಿನ ಹಲ್ಲಿನ ಸಂದಿಗೂ ಮೆತ್ತಿದರು. ಆಮೇಲೆ ಕೊಡವಿದರು. ಎರಡರಲ್ಲಿ ಮಣ್ಣು ಅಲ್ಲೇ ಕಚ್ಚಿಕೊಂಡಿತು. ಮೂರನೆಯದರಿಂದ ತೊಪ್ಪನೆ ಉದುರಿತು.

“ಇದು ನೋಡು ನಿನ್ನ ಟೈರು. ಹಲ್ಲು ದೊಡ್ಡದಿದ್ರ ಸಾಲದು, ಸಂದಿನೂ ದೊಡ್ಡದಿರ್ಬೇಕು. ಮಣ್ಣು ತಾನ ಉದರ್ಬೇಕು. ಕಂಪನಿದು ನಿಂದು ಇನ್ನೂರ ಹದಿನೈದು ಐತಿ. ಇನ್ನೂರ ಮೂವತ್ತೈದಕ್ಕ ಹೋಗು, ಅಷ್ಟ. ಅದರ ಮ್ಯಾಲೆ ಒಂದು ನೂಲು ಬ್ಯಾಡ.”

ಹೂ ಬಿಡಿಸುತ್ತಿದ್ದ ಹೆಂಗಸರು ಈ ಅಜ್ಜ ಕೆಸರಲ್ಲಿ ಏನು ಆಡುತ್ತಿದ್ದಾನೆ ಎಂದು ಮುಸಿಮುಸಿ ನಗುತ್ತಿದ್ದರು. ಅವರಿಗೂ ಒಂದಿಷ್ಟು ಬೈದು, ಕೈ ತೊಳೆದು, ಮತ್ತೆ ಬಸ್ಸಿಗೆ ಹೋದರು. ಆ ಟೈರಿನಲ್ಲಿ ಎರಡು ಮಳೆಗಾಲ ನನ್ನ ಗಾಡಿ ಒಂದು ಸಲವೂ ಹೂತುಕೊಳ್ಳಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತಲ್ಲ! ನನಗೆ ಏನು ರೋಗ ಬಂದಿತ್ತೋ. ಹರಪನಹಳ್ಳಿಯಲ್ಲಿ ಇನ್ನೊಬ್ಬ ಹೂವಿನವನು ಇನ್ನೂರ ಅರವತ್ತೈದರ ಟೈರು ಹಾಕಿಸಿಕೊಂಡ. ಗಾಡಿ ಮೂರ್ನಾಲ್ಕು ಬೆರಳು ಎತ್ತರ ನಿಂತಿತು. ನಿಂತಲ್ಲಿ ಜನ ಬಂದು ಮುಟ್ಟಿ ನೋಡುವರು, ಅದರ ಪಕ್ಕ ನನ್ನ ಗಾಡಿ ಕರುವಿನಂತೆ ಕಾಣುವುದು. ಸೈಟ್ ವ್ಯವಹಾರದ ಆ ಮನುಷ್ಯನಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ.

ಇನ್ನೊಂದು ಮಾತು ಇದೆ. ಆ ಹೊತ್ತಿಗೆ ನಾನು ಹೂವಷ್ಟೇ ಹೇರುತ್ತಿರಲಿಲ್ಲ. ಬೆಳಿಗ್ಗೆ ಹೂವು ಮುಟ್ಟಿಸಿ ಬರುವಾಗ ಖಾಲಿ ಯಾಕೆ ಬರಬೇಕು ಎಂದು ಹರಪನಹಳ್ಳಿ ಕಡೆಯ ಹಳ್ಳಿಗಳಿಂದ ಮೆಕ್ಕೆಜೋಳದ ಚೀಲ ಹೇರಿ ಕೊಟ್ಟೂರಿಗೆ ಒಯ್ಯುತ್ತಿದ್ದೆ. ಗಾಡಿಯ ತಾಕತ್ತಿನ ಮೇಲೆ ಇನ್ನೂ ಹತ್ತು ಚೀಲ ಹೆಚ್ಚಿಗೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹೂವಿನ ಅಂಗಡಿ ಇಟ್ಟುಕೊಂಡಿದ್ದ ನನ್ನ ತಮ್ಮನಿಗೂ ಗೊತ್ತಿರಲಿಲ್ಲ.

ದೊಡ್ಡ ಟೈರು, ಅದಕ್ಕೆ ತಕ್ಕ ಅಗಲದ ರಿಮ್ಮು ಎಲ್ಲ ತೆಗೆದುಕೊಂಡು ಅಂಗಡಿ ಮುಂದೆ ನಿಂತೆ. ಯಜಮಾನರು ಟೈರನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

“ಬ್ಯಾಡಂದಿದ್ನೆಲ್ಲೋ?”

“ಹೂವಿಗೇನ್ ಭಾರ ಐತಿ ಯಜಮಾನ್ರ? ನಿಮ್ಮ ಸುಣ್ಣನ ಹೇಳ್ಲಿ. ಬಂದ್ರ ನಾನ ಬಿಚ್ಚಿಸ್ಕೊಂಡು ಹೊಕ್ಕೀನಿ.”

ಅವರ ಕಾನೂನನ್ನೇ ಅವರ ಮುಂದೆ ಇಟ್ಟಿದ್ದೆ. ಮಾರನೇ ದಿನ ಹೂವಿನ ಚೀಲ, ಬುಟ್ಟಿ ತುಂಬಿಕೊಂಡು ಹೋದೆ. ಟೈರು ಕಟ್ಟಿದರು, ಸುಣ್ಣ ಬಳಿದರು, ಬಂಡೆ ಹತ್ತಿಸಿದರು, ಹಂಪು ದಾಟಿಸಿದರು. ಬಗ್ಗಿ ಬಗ್ಗಿ ನೋಡಿದರು. ಸುಣ್ಣ ಬರಲಿಲ್ಲ. ಬೋಲ್ಟಿಗೂ ಟೈರಿಗೂ ನಡುವೆ ಒಂದು ಬೆರಳಿನಷ್ಟು ಸಂದು ಇತ್ತು. ಆ ಸಂದಿನಲ್ಲಿ ಬೆರಳಾಡಿಸುತ್ತ ಕೇಳಿದರು:

“ಬ್ಯಾರೆ ಏನರ ಹೇರ್ತೀಯೇನು?”

“ಹೂವಷ್ಟೇ.”

“ಬರುವಾಗ?”

“ಖಾಲಿ ಬರ್ತೀನಿ.”

“ಲೇ ತಮ್ಮಾ, ಖರೇವಂದ್ರೂ ಹೂವಷ್ಟೇ?”

“ಎಷ್ಟ್ ಸಲ ಹೇಳ್ಬೇಕ್ರಿ? ಹೂವಷ್ಟೇ!”

ಸುಳ್ಳು ಹೇಳಿದ್ದಲ್ಲದೆ ರೇಗಿಯೂ ರೇಗಿದೆ. ಅವರು ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ಒಂದು ಚೀಟಿಯಲ್ಲಿ ಏನೋ ಬರೆದು ತಂದು, ನನ್ನ ಸ್ಪೀಡ್ ಮೀಟರಿನ ಕೆಳಗೆ ಅಂಟಿಸಿದರು. ‘ಮೀಟರ್ ಅರವತ್ತು ಅಂದ್ರ ನೀನು ಅರವತ್ತಾರು. ಬ್ರೇಕು ಮೊದ್ಲಿನಷ್ಟು ಹಿಡಿಯಂಗಿಲ್ಲ. ಸಾವಕಾಶ ಹೋಗು.’ ಗಾಲಿ ದೊಡ್ಡದಾದರೆ ಮೀಟರು ಕಡಿಮೆ ತೋರಿಸುತ್ತದೆ, ಅದಕ್ಕೆ. ನಾನು ಅದನ್ನು ನೋಡಿ ನಕ್ಕೆ. ಕಿತ್ತು ಹಾಕಲು ಸೋಮಾರಿತನ ಮಾಡಿದೆ ಅಷ್ಟೆ.

ಎರಡು ತಿಂಗಳು ಮೆಕ್ಕೆಜೋಳ ಹೇರಿದೆ. ಭಾರಕ್ಕೆ ಗಾಡಿ ಕುಗ್ಗಿದಾಗಲೆಲ್ಲ ಹಿಂದಿನಿಂದ ಗರಗರ ಅನ್ನುತ್ತಿತ್ತು. ಕೇಳಿಸುತ್ತಿತ್ತು. ಹೊಸ ಟೈರು, ಪಳಗಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಂಥ ಮಾತು ಬೇರೆಯವರು ಆಡಿದ್ದರೆ ಯಜಮಾನರ ಜೊತೆ ಸೇರಿ ನಾನೂ ಬೈಯುತ್ತಿದ್ದೆ.

ಒಂದು ದಿನ ನನಗೆ ಜ್ವರ. ಬೆಳಗಿನ ಹೂವು ನಿಲ್ಲಬಾರದು ಎಂದು ತಮ್ಮ ಹರಪನಹಳ್ಳಿಯಿಂದ ಬಂದು ಗಾಡಿ ತೆಗೆದುಕೊಂಡು ಹೋದ. ಅರ್ಧ ದಾರಿಯಲ್ಲಿ, ತಿರುವಿನಲ್ಲಿ, ಹಿಂದಿನ ಬಲಗಡೆಯ ಟೈರು ಒಡೆಯಿತು. ಗಾಡಿ ಪಲ್ಟಿಯಾಗಿ ತಗ್ಗಿಗೆ ಬಿತ್ತು. ತಮ್ಮನ ಕಾಲು ತೊಡೆಯ ಹತ್ತಿರ ಎರಡು ಕಡೆ ಮುರಿಯಿತು. ಇವತ್ತಿಗೂ ಅವನು ಕೋಲು ಹಿಡಿದು ನಡೆಯುತ್ತಾನೆ. ಚೀಟಿ ನೋಡಿ ನಲವತ್ತರ ಮೇಲೆ ಹೋಗಿರಲಿಲ್ಲ, ಅದಕ್ಕೇ ಜೀವ ಉಳಿಯಿತು ಎಂದು ಆಸ್ಪತ್ರೆಯಲ್ಲಿ ಅವನೇ ಹೇಳಿದ. ಆ ಚೀಟಿ ಬರೆದವರು ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ರಸ್ತೆ ತುಂಬ ಮಲ್ಲಿಗೆ ಚೆಲ್ಲಿತ್ತು. ಯಾರೋ ಪುಣ್ಯಾತ್ಮರು ಗಾಯಾಳುವನ್ನು ಎತ್ತುವ ಮೊದಲು ವಿಡಿಯೋ ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಎಲ್ಲರ ಫೋನಿನಲ್ಲಿತ್ತು. ಬರೀ ಹೂವಿನ ಭಾರಕ್ಕೆ ಹೊಸ ಟೈರು ಒಡೆಯಿತು ಅಂದರೆ ಹಾಕಿದವನದೇ ತಪ್ಪು, ನೋಡಿ ಜನರ ನ್ಯಾಯ ಎಷ್ಟು ಸಲೀಸು! ಮುದುಕನಿಗೆ ಕಣ್ಣು ಕಾಣುವುದಿಲ್ಲವಂತೆ, ಸುಣ್ಣ ಬಳಿದು ಜನರನ್ನು ಮರುಳು ಮಾಡುತ್ತಾನಂತೆ. ಆಸ್ಪತ್ರೆಯ ಹೊರಗೆ ನಾಲ್ಕು ಜನ ನನ್ನನ್ನು ಕೇಳಿದರು, “ಯಾರ್ ಹಾಕಿದ್ದು ಟೈರು?” ನಾನು ಹೇಳಿದೆ, “ಯಜಮಾನ್ರು ಹಾಕಿದ್ದು.” ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇಷ್ಟು ನಿಜವಾದ, ಇಷ್ಟು ಹೊಲಸಾದ ಮಾತನ್ನು ನಾನು ಜನ್ಮದಲ್ಲಿ ಇನ್ನೊಂದು ಆಡಿಲ್ಲ.

ಗಾಡಿಯನ್ನು ಹರಪನಹಳ್ಳಿಯ ಒಂದು ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದ್ದರು. ನಾಲ್ಕನೇ ದಿನ ಯಜಮಾನರು ಬಂದರು, ಬಸ್ಸಿನಲ್ಲೇ. ಹತ್ತಾರು ಜನ ಸೇರಿದರು. ಅವರು ಯಾರ ಮುಖವನ್ನೂ ನೋಡದೆ ಒಡೆದ ಟೈರಿನ ಮುಂದೆ ಕೂತರು. ಟೈರಿನ ಒಳಬದಿಯಲ್ಲಿ ಸುತ್ತಲೂ ಒಂದು ಗೀರು, ಬೆರಳು ಇಳಿಯುವಷ್ಟು ಆಳ. ಮಡ್‌ಗಾರ್ಡಿನ ಬೋಲ್ಟಿನ ತಲೆ ತಿಕ್ಕಿ ತಿಕ್ಕಿ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ದಿನದ ಕೆಲಸವಲ್ಲ ಅದು, ಹೂವಿನ ಕೆಲಸವೂ ಅಲ್ಲ. ಆ ಗೀರಿನಲ್ಲಿ ಬೆರಳಿಟ್ಟು ಪೂರ್ತಿ ಒಂದು ಸುತ್ತು ಆಡಿಸಿದರು. ಆಮೇಲೆ ಎದ್ದು ಗಾಡಿಯ ಹಿಂದಕ್ಕೆ ಹೋಗಿ, ಬಾಡಿಯ ಮೂಲೆಯಲ್ಲಿ, ತಗಡು ಕೂಡುವ ಸಂದಿನಲ್ಲಿ ಉಗುರು ಹಾಕಿ ಕೆದರಿದರು. ಐದಾರು ಕಾಳು ಬಂದವು, ಮೆಕ್ಕೆಜೋಳದವು. ಅಂಗೈಯಲ್ಲಿ ಹಿಡಿದು ನೋಡಿದರು. ನಂತರ ನನ್ನನ್ನು ನೋಡಿದರು.

ಈಗ ಬೈಯುತ್ತಾರೆ ಎಂದು ಕಾದೆ. ನಲವತ್ತು ವರ್ಷದಲ್ಲಿ ಕೂಡಿಟ್ಟ ಬೈಗುಳವೆಲ್ಲ ನನ್ನ ಮೇಲೆ ಬೀಳುತ್ತದೆ ಎಂದು ಮೈ ಬಿಗಿಹಿಡಿದು ನಿಂತೆ. ಅವರು ಕಾಳನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಗುಂಪಿನಲ್ಲಿ ಒಬ್ಬ ಕೇಳಿದ, “ಏನ್ ಯಜಮಾನ್ರ, ಹೂವಿನ ಭಾರಕ್ಕ ಒಡೀತೇನು ನಿಮ್ಮ ಟೈರು?”

“ಹಾಕಿದ್ದು ನಾನ” ಅಂದರು. ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಯಾಕೆ ಸುಮ್ಮನಿದ್ದರು? ಈ ಪ್ರಶ್ನೆಯಿಂದ ನನಗೆ ಅವರ ಮೇಲೇ ಎಷ್ಟು ಸಿಟ್ಟು ಬಂದಿದೆಯೋ ಲೆಕ್ಕವಿಲ್ಲ. ಲುಕ್ಕಿಗೆ ಟೈರು ಕೇಳಿದವನನ್ನು ಬೀದಿಗೆ ಅಟ್ಟಿದ ಮನುಷ್ಯ, ಹೂವಿನ ಹೆಂಗಸರನ್ನೂ ಬಿಡದೆ ಬೈದ ಮನುಷ್ಯ, ಅವತ್ತು ಒಂದು ಮಾತು ಆಡಿದ್ದರೆ ಸಾಕಿತ್ತು. ಕೈ ಬಿಚ್ಚಿ ಆ ಕಾಳು ತೋರಿಸಿದ್ದರೆ ಸಾಕಿತ್ತು. ಅವರ ಸಿಟ್ಟೆಲ್ಲ ಎಲ್ಲಿ ಹೋಯಿತು ಅವತ್ತು?

ಅಂಗಡಿಗೆ ಜನ ಬರುವುದು ನಿಂತಿತು. ಬಂದವರು ಪಂಕ್ಚರಿಗೆ ಬಂದರು, ಟೈರಿಗೆ ಬರಲಿಲ್ಲ. ಆರು ತಿಂಗಳಲ್ಲಿ ಶೆಡ್ಡಿಗೆ ಬೀಗ ಬಿತ್ತು. ಸೀಮೆಸುಣ್ಣದ ಬರಹ ಮುಂದಿನ ಮಳೆಗೆ ಅಳಿಸಿತು, ಮತ್ತೆ ಯಾರೂ ಬರೆಯಲಿಲ್ಲ. ಅದರ ಮುಂದೆ ಹಾದುಹೋಗುವಾಗಲೆಲ್ಲ ನಾನು ಗೇರು ಬದಲಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ಒಂದು ವರ್ಷದ ಮೇಲೆ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. ಓಡಿಹೋಗಲು ದಾರಿ ಇರಲಿಲ್ಲ. ತಾವೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಹೇಗಿದ್ದಾನೆ ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ.

“ಯಜಮಾನ್ರ, ತಪ್ಪು ನಂದು. ನಾಕು ಮಂದಿ ಮುಂದ ನೀವರ ಹೇಳ್ಬಾರದಿತ್ತೇನ್ರಿ?”

“ನಿಂದೇನಲೇ ತಪ್ಪು? ತಪ್ಪು ನಂದ. ಇಷ್ಟ್ ವರ್ಷ ಗಾಡಿ ಮಾತು ಕೇಳಿ ಟೈರು ಹಾಕಿದ್ನಿ. ಅವತ್ತೊಂದಿನ ಮನಷ್ಯಾನ ಮಾತು ಕೇಳಿ ಹಾಕಿದ್ನಿ.”

ಬಸ್ಸು ಬಂತು, ಹತ್ತಿ ಹೋದರು. ಕಪಾಳಕ್ಕೆ ಎರಡು ಬಿಟ್ಟಿದ್ದರೆ ನಾನು ಇಷ್ಟು ದಿನದಲ್ಲಿ ಮರೆತುಬಿಡುತ್ತಿದ್ದೆ. ಈ ಮಾತಿಗೆ ಮಾತ್ರ ನಾನು ಅವರನ್ನು ಕ್ಷಮಿಸಲಾರೆ.

ಹೋದ ತಿಂಗಳು ತೀರಿಕೊಂಡರು. ಪುಸ್ತಿಕೆಯವರು ಬಂದುಹೋದ ಮಾರನೇ ದಿನ ನಾನು ಅವರ ಮನೆಗೆ ಹೋದೆ. ಅವರ ಹೆಂಡತಿ ಹೊರಗೆ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದರು. ಬರೆಯುತ್ತೇನೆ, ಎಲ್ಲ ಬರೆಯುತ್ತೇನೆ ಎಂದು ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

“ನನಗೆ ಅವತ್ತ ಗೊತ್ತು. ಅಂಗಿ ಒಗಿಯಾಕ ಹಾಕುವಾಗ ಜೇಬಿನಾಗ ಮೆಕ್ಕಿಜೋಳದ ಕಾಳಿದ್ವು. ಏನಿವು ಅಂದೆ. ಹೇಳಿದ್ರು.”

“ಕಾಳು ಏನ್ ಮಾಡಿದ್ರಿ ಅವ್ವಾರ?”

“ಏನ್ ಮಾಡ್ತಾರ? ಆಕಳ ಮುಸುರಿಗೆ ಹಾಕಿದೆ.”

ಮೊರ ಆಡಿಸುತ್ತಲೇ ಮುಂದುವರಿಸಿದರು: “ಊರಾಗ ಬಾಯಿ ಬಿಟ್ಟು ಹೇಳ್ರಿ ಅಂತ ಜಗಳ ಮಾಡಿದೆ. ಆ ಹುಡುಗ ಕಾಲು ಮುರ್ಕೊಂಡು ಬಿದ್ದಾನ, ಮುರಿದಾವ ಒಡಹುಟ್ಟಿದಾವ ಅಂತ ಹ್ಯಾಂಗ್ ಹೇಳ್ಲಿ ಅಂದ್ರು. ಅವನ ಅಣ್ಣ ತಾನ ಹೇಳ್ಲಿ, ಇವತ್ತಲ್ಲ ನಾಳಿ ಹೇಳ್ತಾನ ಅಂದ್ರು. ಭಾಳ ದಿನ ಕಾದ್ರು ನೋಡು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಹೊರಟು ನಿಂತಾಗ ಹೇಳಿದರು, “ಬರಿಯಂಗಿದ್ರ ಅವರ ಹೆಸರು ಬ್ಯಾಡ. ಅವರ ಹೆಸರು ಕೆಡಿಸಿದ್ದು ಸಾಕು. ನಿನ್ನ ಹೆಸರು ಬರಿ.”

ಅಚ್ಚಿಗೆ ಕೊಡುವ ಮೊದಲು ಇದನ್ನು ತಮ್ಮನಿಗೆ ಓದಿ ಹೇಳಿದೆ. ಕೊಟ್ಟೂರು ಬಸ್‌ಸ್ಟ್ಯಾಂಡಿನ ಮಾತು ಬರುವ ತನಕ ಕೇಳಿದ. ಆಮೇಲೆ ಕೈ ಎತ್ತಿ ನಿಲ್ಲಿಸಿದ.

“ನಿನಗ ಗೊತ್ತಿಲ್ಲ ಅ‌ಣ್ಣಾ. ಆಸ್ಪತ್ರಿಂದ ಬಂದ ಮ್ಯಾಲೆ ಆಟೋ ಮಾಡ್ಸ್ಕೊಂಡು ಅವರ ಅಂಗಡಿಗೆ ಹೋಗಿದ್ನಿ. ಅವರ ಮುಂದ, ಅವರ ಹೆಂಡ್ತಿ ಮುಂದ ನೆಲಕ್ಕ ಉಗುಳಿ ಬಂದೀನಿ. ಆ ಅಜ್ಜ ಎದ್ದು ಬಂದು ನಾನು ಆಟೋ ಹತ್ತೋ ತನಕ ಈ ಕೋಲು ಹಿಡಕೊಂಡು ನಿಂತಿದ್ರು.”

ಕೋಲೂರಿಕೊಂಡು ಎದ್ದು ಒಳಗೆ ಹೋದ. ಇವತ್ತಿಗೆ ಒಂಬತ್ತು ದಿನ, ನನ್ನ ಜೊತೆ ಮಾತಾಡಿಲ್ಲ. ಮಾತಾಡು ಎಂದು ಕೇಳುವ ಮುಖವೂ ನನಗಿಲ್ಲ.

ಅವರ ಹೆಸರು ಇಲ್ಲಿ ಎಲ್ಲೂ ಬರೆದಿಲ್ಲ. ನನ್ನ ಹೆಸರು ಕೊಟ್ರೇಶ. ನಮ್ಮ ಕಡೆ ಓಣಿಗೆ ನಾಲ್ಕು ಜನ ಕೊಟ್ರೇಶ ಸಿಗುತ್ತಾರೆ, ಪಾಪ ಅವರ ಮೇಲೆ ಇದು ಹೋಗಬಾರದು. ಯಾವ ಕೊಟ್ರೇಶ ಎಂದು ಯಾರಾದರೂ ಕೇಳಿದರೆ ಹೇಳಿ: ಹಡಗಲಿಯ ಹೂವಿನ ಗಾಡಿಯವನು, ‘ಹೂವಷ್ಟೇ’ ಅಂದವನು.